ಪೆಡಲು ಕೈಕೊಟ್ಟ ಸಂಜೆ

ನನ್ನ ಮಾತಿಗಿಂತ ನನ್ನ ಸದ್ದನ್ನೇ ಹೆಚ್ಚು ಕೇಳಿಸಿಕೊಂಡ ಅತ್ತೆಗೆ,

'ಅವಳಿಗೆ ಆ ಜಾಗ ಸಿಕ್ತಮ್ಮ' ಎಂದು ನಿಮ್ಮ ಮಗನ ಫೋನು ಬಂದಿರಬೇಕು. ಅದು ಅರ್ಧ ಸುದ್ದಿ. ಮೊಮ್ಮಗಳನ್ನು ನೋಡಿಕೊಳ್ಳಲು ನೀವು ಮಗಳ ಮನೆಗೆ ಹೋದ ಮೇಲೆ ಇಲ್ಲಿ ನನ್ನ ಕಥೆಯನ್ನು ಪೂರ್ತಿ ಕೇಳುವವರಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮದುವೆಯಾದ ಹೊಸದರಲ್ಲಿ ನಿಮ್ಮ ನೆಂಟರಿಗೆ ನನ್ನ ಕೆಲಸ ವಿವರಿಸಲು ನೀವು ಪಟ್ಟ ಪಾಡು ನೆನಪಿದೆ. ಆರ್ಕೆಸ್ಟ್ರಾ ಎಂದರೆ ಅವರಿಗೆ ಪಿಟೀಲು, ಕೊಳಲು. ಸಾಕಾಗಿ, 'ಹಿಂದಿನ ಸಾಲಲ್ಲಿ ಬಡಿಯೋದೆಲ್ಲ ಇವಳದ್ದೇ' ಎಂದುಬಿಟ್ಟಿರಿ. ಮೊದಲ ಸಲ ನೀವು ಕಾರ್ಯಕ್ರಮಕ್ಕೆ ಬಂದ ಸಂಜೆ ನನ್ನ ಪಾಲಿಗಿದ್ದದ್ದು ಮುಕ್ಕೋನದ ಉಕ್ಕಿನ ಸರಳು, ಟ್ರಯಾಂಗಲ್ ಒಂದೇ. ಉಳಿದವರು ಬೆವರು ಸುರಿಸುತ್ತಿದ್ದರೆ ನಾನು ಕೈಕಟ್ಟಿ ತಾಳ ಎಣಿಸುತ್ತ ಕೂತಿದ್ದೆ. ಕೊನೆಗೆ ಎದ್ದು, ಟಿಂಗ್ ಅನ್ನಿಸಿ, ಮತ್ತೆ ಕೂತೆ. ಬಸ್ಸಿನಲ್ಲಿ ನೀವು, 'ಇಷ್ಟಕ್ಕೆ ಅಷ್ಟು ವರ್ಷ ಕಲೀಬೇಕಿತ್ತಾ?' ಅಂದಿರಿ. ಒಂದು ನಿಲ್ದಾಣ ದಾಟಿದ ಮೇಲೆ, 'ಆದ್ರೆ ಅದು ಇಲ್ದಿದ್ರೆ ಚೆನ್ನಾಗಿರ್ತಿರ್ಲಿಲ್ಲ ಬಿಡು' ಅಂದಿರಿ. ನನ್ನ ಕೆಲಸದ ಬಗ್ಗೆ ಅಷ್ಟು ಸರಿಯಾದ ಮಾತನ್ನು ಬೇರೆ ಯಾರೂ ಆಡಿಲ್ಲ.

ಆಮೇಲೆ ಟಿಂಪನಿ ಬಂತು. ತಾಮ್ರದ ಹಂಡೆಗಳಂತಹ ಆ ಡ್ರಮ್ಮುಗಳನ್ನು ನಾನು ಮನೆಗೆ ತಂದೆ. ಮರುದಿನ ಕೆಲಸದಿಂದ ಬರುವಷ್ಟರಲ್ಲಿ ನಿಮ್ಮ ಮಂಚ ಹಾಲಿಗೆ ಬಂದಿತ್ತು, ಕಿಟಕಿಯಿದ್ದ ನಿಮ್ಮ ಕೋಣೆ ಡ್ರಮ್ಮುಗಳದಾಗಿತ್ತು. 'ನಂಗೆ ಹಾಲಲ್ಲೇ ಗಾಳಿ' ಅಂದಿರಿ. ಹಾಲಿನಲ್ಲಿ ಗಾಳಿಯಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮೇಲಿನ ಮನೆಯವರು ಸದ್ದಿನ ದೂರು ಹೊತ್ತು ಬಂದಾಗ ನೀವು ಬಾಗಿಲಲ್ಲೇ ನಿಂತು, 'ಇದು ಅವಳ ಕೆಲಸದ ಹೊತ್ತು. ನಿಮ್ಮ ಮಕ್ಕಳು ಸೋಫಾದಿಂದ ಹಾರೋದಕ್ಕೆ ನಾವೇನಾದ್ರೂ ಅಂದಿದ್ವಾ?' ಎಂದು ಕೇಳಿದ್ದು ಒಳಗೆ ಕೂತಿದ್ದ ನನಗೆ ಕೇಳಿಸಿತ್ತು. ಆಮೇಲೆ ಇನ್ನೂ ಜೋರಾಗಿ ಬಾರಿಸಿದೆ.

ನಮ್ಮ ಹಿರಿಯ ಟಿಂಪನಿ ವಾದಕರು ನಿವೃತ್ತರಾದ ಮೇಲೆ ಆ ಜಾಗಕ್ಕೆ ನನ್ನನ್ನು ಪರೀಕ್ಷಿಸುತ್ತಿದ್ದರು. ಮೊನ್ನೆಯ ಕಾರ್ಯಕ್ರಮವೇ ಕೊನೆಯ ಪರೀಕ್ಷೆ. ಅವತ್ತು ನುಡಿಸಿದ ಕೃತಿಯ ಕೊನೆಯಲ್ಲಿ ಇಡೀ ವಾದ್ಯವೃಂದ ಸುಮ್ಮನಾಗಿ, ದೊಡ್ಡ ಡ್ರಮ್ಮಿನ ಒಂದೇ ಸ್ವರ ಗುನುಗುತ್ತ ಕರಗಬೇಕು. ಡ್ರಮ್ಮಿನ ಬುಡದ ಪೆಡಲು ತುಳಿದರೆ ಚರ್ಮ ಬಿಗಿದು ಸ್ವರ ಏರುತ್ತದೆ. ಕಾಲು ತೆಗೆದರೂ ಪೆಡಲು ಅಲ್ಲೇ ನಿಲ್ಲಬೇಕು. ಅವತ್ತು ನಿಲ್ಲಲಿಲ್ಲ. ತುಳಿದೆ, ಜಾರಿತು. ಮತ್ತೆ ತುಳಿದೆ, ಮತ್ತೆ ಜಾರಿತು. ಒಳಗಿನ ಸ್ಪ್ರಿಂಗು ಕೈಕೊಟ್ಟಿತ್ತು. ತುಂಬಿದ ಸಭೆಯ ಮುಂದೆ ಯಾರನ್ನು ಕೂಗಲಿ?

ಚರ್ಮಕ್ಕೆ ಕಿವಿ ತಾಗುವಷ್ಟು ಬಗ್ಗಿ, ಬೆರಳ ತುದಿಯಿಂದ ತಟ್ಟಿ ಸ್ವರ ಹುಡುಕಿದೆ. ಸಿಕ್ಕಿದ ಕಡೆ ಪಾದ ಒತ್ತಿ ಹಿಡಿದೆ, ಆಮೇಲೆ ಕದಲಲಿಲ್ಲ. ಮೀನಖಂಡ ಸೆಟೆದು ನಡುಗತೊಡಗಿತು. ಕಾಲು ನಡುಗಿದರೆ ಸ್ವರವೂ ನಡುಗುತ್ತದೆ. ಹಲ್ಲು ಕಚ್ಚಿ ಕೂತೆ. ಬೇರೆ ದಾರಿಯೇ ಇಲ್ಲವೆಂದು ಗೊತ್ತಾದ ಮೇಲೆ ಮನಸ್ಸು ಎಷ್ಟು ಹಗುರಾಗುತ್ತದೆ ಅತ್ತೆ! ಎಲ್ಲರೂ ಸುಮ್ಮನಾದರು. ಮೆತ್ತೆ ಸುತ್ತಿದ ಕೋಲುಗಳಿಂದ ಚರ್ಮವನ್ನು ಮೆಲ್ಲಗೆ, ಬಿಡುವಿಲ್ಲದೆ ಬಾರಿಸಿದೆ. ಸ್ವರ ಕದಲದೆ ನಿಂತಿತು, ತೆಳುವಾಯಿತು, ಹೋಯಿತು. ಚಪ್ಪಾಳೆಗೆ ಯಾರೂ ಅವಸರ ಮಾಡಲಿಲ್ಲ.

ಪರದೆ ಬಿದ್ದ ಮೇಲೆ ವಾದ್ಯವೃಂದದ ನಿರ್ದೇಶಕರು ಬಂದು, 'ಎದ್ದು ನಿಲ್ಲಿ ಅಂತ ಕೈ ತೋರಿಸಿದ್ರೂ ಯಾಕೆ ಏಳ್ಲಿಲ್ಲ?' ಅಂದರು. ಕಾಲು ಮರಗಟ್ಟಿದೆ ಎಂದು ಪೆಡಲು ತೋರಿಸಿದೆ. ಅವರೇ ಮಂಡಿಯೂರಿ ಒತ್ತಿ ನೋಡಿದರು. 'ಇದನ್ನ ಹಿಡ್ಕೊಂಡೇ ನುಡಿಸಿದ್ರಾ? ನಂಗೆ ಗೊತ್ತೇ ಆಗ್ಲಿಲ್ವಲ್ಲ.'

'ಗೊತ್ತಾಗಬಾರ್ದು ಅಂತಲೇ ಹಿಡ್ಕೊಂಡಿದ್ದು ಸಾರ್' ಅಂದೆ.

ಮರುದಿನ ಕೆಲಸ ಕಾಯಂ ಆಯಿತು. ಈಗ ಆ ಪೆಡಲಿಗೂ ಹೊಸ ಸ್ಪ್ರಿಂಗು ಬಂದಿದೆ.

ನನ್ನ ಅಮ್ಮ ಬದುಕಿದ್ದಿದ್ದರೆ ಈ ಸುದ್ದಿಯನ್ನು ಅವಳಿಗೆ ಬರೆಯುತ್ತಿದ್ದೆ ಎಂದುಕೊಂಡು ಕಾಗದ ತೆಗೆದೆ. ಪೆನ್ನು ಹಿಡಿದ ಮೇಲೆ ಅನ್ನಿಸಿತು, ಇಲ್ಲ, ಅವಳಿದ್ದರೂ ಮೊದಲು ನಿಮಗೇ ಬರೆಯುತ್ತಿದ್ದೆ.

ಮೊಮ್ಮಗಳು ಕಣ್ತುಂಬ ನಿದ್ದೆ ಮಾಡಲಿ, ನಿಮಗೂ ಮಾಡಗೊಡಲಿ.

ನಿಮ್ಮ ಸೊಸೆ