ಎರಡು ಚೀಲ ಹುಲ್ಲು

ಜೇವರ್ಗಿ
ಭಾನುವಾರ, ೧೪ ಜುಲೈ ೨೦೨೪

ಹಿರೋಳ್ಳಿಯ ಕಸದ ವೈರಿ, ನನ್ನ ಯಜಮಾನರಾದ ಶಾಂತಲಿಂಗಪ್ಪನವರಿಗೆ ಭುವನೇಶ್ವರಿಯ ಶರಣು ಶರಣಾರ್ಥಿ.

ನೋಡಿ, ಹೆಸರು ಬರೆದೇಬಿಟ್ಟೆ. ಹತ್ತೊಂಬತ್ತು ವರ್ಷದಿಂದ ಬಾಯಿಗೆ ಆಗದ್ದು ಪೆನ್ನಿಗೆ ಆಯಿತು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡಿ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ನೀವೇ ಚೀಟಿ ಬರೆದು ಕಳಿಸಿದ್ದೀರಿ, ಅದಕ್ಕೇ ನಾನೂ ಕಾಗದ ಹಿಡಿದಿದ್ದೇನೆ.

ಎರಡೂ ಚೀಲ ಗುರುವಾರ ಮುಟ್ಟಿದವು. ಆಳಂದದ ಕಂಡಕ್ಟರು ಕಲಬುರಗಿಯಲ್ಲಿ ಜೇವರ್ಗಿ ಕಂಡಕ್ಟರಿಗೆ ಒಪ್ಪಿಸಿದರಂತೆ. ಆ ಪುಣ್ಯಾತ್ಮ ನಮ್ಮ ಆಸ್ಪತ್ರೆಯ ಗೇಟಿನ ಮುಂದೆ ಬಸ್ಸು ನಿಲ್ಲಿಸಿ, "ಸಿಸ್ಟರ್, ನಿಮ್ಮೂರಿಂದ ಮೇವು ಬಂದದ ನೋಡ್ರಿ!" ಎಂದು ಕೂಗಿದ. ಚೀಟಿ ಮಾಡಿಸಲು ನಿಂತಿದ್ದ ಸಾಲೆಲ್ಲ ನಕ್ಕಿತು. ಒಬ್ಬ ಅಜ್ಜ ಬಿ.ಪಿ. ನೋಡಿಸಿಕೊಳ್ಳುತ್ತ, "ಎಮ್ಮಿ ಎಷ್ಟ ಹಿಂಡತದವ್ವ?" ಎಂದು ಕೇಳಿದ. ನನ್ನ ಬಿ.ಪಿ.ಯೇ ಏರಿತು.

ಮನೆಗೆ ತಂದು ಬಿಚ್ಚಿದರೆ, ಅಬ್ಬಾ! ಐದು ಬಗೆಯ ಹುಲ್ಲು, ಒಂದೊಂದು ಬುಡವನ್ನೂ ಹಸಿ ಗೋಣಿಯಲ್ಲಿ ಸುತ್ತಿ, ಒಂದೊಂದಕ್ಕೂ ನಿಮ್ಮ ಕೋಳಿಕಾಲಿನ ಅಕ್ಷರದ ಚೀಟಿ. ದಸರೆಯಿಂದ ದೀಪಾವಳಿವರೆಗೆ ನೋಡುವಂಥ ಹುಲ್ಲಿನ ತೋಟ ಮಾಡಬೇಕೆಂದು ನಾನು ಅತ್ತೆಯವರಿಗೆ ಫೋನಿನಲ್ಲಿ ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿದೆ ಎಂದಾಯಿತು. ತೊಗರಿ ಹೊಲದಲ್ಲಿ ಒಂದು ಕಸದ ಕಡ್ಡಿ ಕಂಡರೆ ಊಟ ಸೇರದ ಮನುಷ್ಯ ಹುಲ್ಲು ಹುಡುಕಿಕೊಂಡು ಊರೂರು ತಿರುಗಿದ್ದನ್ನು ನೋಡಿದವರು ಏನಂದಿರಬೇಡ!

ಮನೆಯೊಡತಿ ಹಮೀದಾಬೇಗಂ ಅವರಂತೂ ಸೊಂಟದ ಮೇಲೆ ಕೈಯಿಟ್ಟು, "ಅರೆ ಸಿಸ್ಟರ್, ಮಂದಿ ಗಂಡಂದ್ರು ಸೀರಿ ಕಳಸ್ತಾರ, ಮಿಠಾಯಿ ಕಳಸ್ತಾರ. ನಿಮ್ಮಾವ್ರು ಹುಲ್ಲ ಕಳಸ್ಯಾರಲ್ರಿ!" ಎಂದರು. ಅಗೆಯಲು ಕರೆದಿದ್ದ ಹಣಮವ್ವ ಇನ್ನೂ ಮುಂದೆ ಹೋದಳು. ಅವಳು ಹುಟ್ಟಿದಾಗಿನಿಂದ ಮಂದಿಯ ಹೊಲದಲ್ಲಿ ಕಸ ತೆಗೆದವಳು. "ಯಕ್ಕಾ, ಇವನ್ನ ಕೀಳಾಕ ಕರದೀರೋ, ಹಚ್ಚಾಕ ಕರದೀರೋ? ಮೊದಲ ಹೇಳಿಬಿಡ್ರಿ, ನನ್ನ ಕೈ ನನ್ನ ಮಾತ ಕೇಳಂಗಿಲ್ಲ" ಎಂದು ಖುರಪಿಯನ್ನು ದೂರ ಇಟ್ಟು ಕುಳಿತಳು.

ಯಾವುದನ್ನು ಎಲ್ಲಿ ಹಚ್ಚಿದೆ, ಯಾವುದನ್ನು ಬಿಟ್ಟೆ ಎಂದು ಕೇಳಿ. ಘತ್ತರಗಿಯ ಹೊಳೆದಂಡೆಯಿಂದ ತಂದ ಬಿಳಿ ತೆನೆಯ ಎತ್ತರದ ಹುಲ್ಲು ಹಿಂದಿನ ಗೋಡೆಗೆ ಹೋಯಿತು. ಸಂಜೆಯ ಬಿಸಿಲು ಅದರ ಹಿಂದಿನಿಂದ ಬೀಳುತ್ತದೆ, ಭೀಮಾ ದಂಡೆಯಲ್ಲಿ ಕಂಡ ಹಾಗೇ ಇಲ್ಲಿಯೂ ತೆನೆ ಬೆಳಗಬೇಕು. "ಭಾಗ್ಯವಂತಿ ದರ್ಶನಕ್ಕ ಹೋಗಿದ್ದೆ. ಬರುವಾಗ ಅಗದೇನಿ. ಮಂದಿ ನಿಂತು ನೋಡಿದ್ರು" ಎಂದು ಬರೆದಿದ್ದೀರಿ. ನೋಡದೆ ಏನು ಮಾಡಿಯಾರು? ದೇವಿಗೆ ಹೋದವರು ಪ್ರಸಾದ ತರುತ್ತಾರೆ. ಆದರೆ ಇದರ ಬೇರು ಕಳ್ಳಬೇರು, ನೆಲದೊಳಗೇ ಓಡಿ ಪಕ್ಕದ ಮನೆಯಲ್ಲಿ ಏಳುತ್ತದೆ. ಅದಕ್ಕೇ ತಳವಿಲ್ಲದ ಹಳೆಯ ಡ್ರಮ್ಮನ್ನು ಹುಗಿದು ಅದರೊಳಗೆ ಕೂರಿಸಿದೆ.

ಲಾವಂಚ ಮಾಳಿಗೆಯ ನೀರು ಬೀಳುವ ಮೂಲೆಗೆ. ಅಲ್ಲಿ ಮಣ್ಣು ಕೊಚ್ಚಿ ಹೋಗುತ್ತಿತ್ತು, ಇದು ಹಿಡಿದುಕೊಳ್ಳುತ್ತದೆ. ನಿಂಬೆವಾಸನೆಯ ಗವತಿ ಚಹಾದ ಹುಲ್ಲು ಅಡುಗೆಮನೆಯ ಬಾಗಿಲಿಗೆ. "ಇದು ನೋಡಾಕಲ್ಲ, ಕುಡಿಯಾಕ. ರಾತ್ರಿ ಡ್ಯೂಟಿ ಇದ್ದಾಗ ಕಾಸಕೊಂಡು ಕುಡಿ" ಎಂಬ ಚೀಟಿಯನ್ನು ಹಮೀದಾಬೇಗಂ ಓದಿಸಿಕೊಂಡು ಕೇಳಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಕೊಡ ತೊಳೆಯುವ ನೆವ ಮಾಡಿ ಎದ್ದೆ.

ಚೌಡಾಪುರದ ನರ್ಸರಿಯ ಕೆಂಪು ಹುಲ್ಲೇ ಎಲ್ಲರ ತಲೆ ಕೆಡಿಸಿದ್ದು. "ನನಗಂತೂ ಸಜ್ಜಿ ಕಂಡಂಗ ಕಾಣತದ. ಅಲ್ಲ ಅಂತಾನ ನರ್ಸರಿಯವ. ಕಾಳ ಬರಂಗಿಲ್ಲಂದ್ರ ಯಾಕ ಬೆಳೀಬೇಕು?" ಎಂದು ಕೇಳಿದ್ದೀರಿ. ಹಣಮವ್ವನೂ ಅದೇ ಕೇಳಿದಳು. ರೀ, ಅದು ಸಜ್ಜೆಯ ದಾಯಾದಿಯೇ, ಆದರೆ ರೊಟ್ಟಿಗಲ್ಲ, ಕಣ್ಣಿಗೆ. ಎಲೆಯೂ ಕೆಂಪು, ತೆನೆಯೂ ಕೆಂಪು, ಗಾಳಿಗೆ ಬಾಗಿದರೆ ನೋಡುತ್ತಲೇ ಇರಬೇಕು. ನಮ್ಮ ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆಂದು ಗರಸಿನ ಕಲ್ಲುಮಣ್ಣು ಬೆರೆಸಿ, ದಿಬ್ಬ ಮಾಡಿ, ಗೇಟಿನ ಎರಡೂ ಬದಿಗೆ ಹಚ್ಚಿದೆ. ಶುಕ್ರವಾರವೇ ಹಮೀದಾಬೇಗಂ ಅವರ ಆಡು ಒಂದು ಬುಡದ ತುದಿ ಮೇಯ್ದುಬಿಟ್ಟಿತು. ನಾನು ಕೂಗಾಡಿದರೆ, "ಅದಕ್ಕ ಪಸಂದ ಬಂದದ ಅಂದ್ರ ಛಲೋ ಮಾಲೇ ಇರಬೇಕ್ರಿ" ಎಂದು ಆಡಿನ ಕಡೆಗೇ ನಿಂತರು. ಈಗ ಸುತ್ತ ಮುಳ್ಳುಬೇಲಿ ಹಾಕಿದ್ದೇನೆ. ಚಿಗುರುತ್ತದೆ.

ಕರಿಕೆ ಮಾತ್ರ ಹಚ್ಚಲಿಲ್ಲ. "ಗಣಪತಿ ಹಬ್ಬಕ್ಕ ಬೇಕಾಗತದಲ್ಲ" ಎಂದಿರಿ. ಜೇವರ್ಗಿಯಲ್ಲಿ ಕರಿಕೆಗೆ ಬರವೇ? ಅದು ಕರೆಯದೆ ಬಂದು ಅಂಗಳದಲ್ಲಿ ಕೂತಿದೆ. ನೀವು ಕಳಿಸಿದ್ದನ್ನು ಆಡಿಗೇ ಕೊಟ್ಟು ರಾಜಿ ಮಾಡಿಕೊಂಡೆ.

ಇಷ್ಟೆಲ್ಲ ಹುಡುಕಿ ತಂದವರು ಹೋದ ಆಗಸ್ಟಿನಲ್ಲಿ ಮಾಡಿದ್ದೇನು? ನಾನು ಐದು ದಿನ ತರಬೇತಿಗೆ ಕಲಬುರಗಿಗೆ ಹೋಗಿ ಬರುವಷ್ಟರಲ್ಲಿ, ಎರಡು ವರ್ಷ ಕೂಡಿಸಿ ಬೆಳೆಸಿದ ನನ್ನ ಹಿತ್ತಲಿನ ಹುಲ್ಲನ್ನೆಲ್ಲ ಕಿತ್ತು, ರಾಶಿಯ ಕಣದಂತೆ ನುಣ್ಣಗೆ ಮಾಡಿ, ಖುರಪಿ ಹಿಡಿದು ನಗುತ್ತ ನಿಂತಿದ್ದಿರಿ. ನನ್ನ ಎದೆ ಒಡೆದುಹೋಯಿತು. ಅಫಜಲಪುರದಿಂದ ಅಣ್ಣ ದೌಲತರಾಯ ಓಡಿ ಬಂದ. ಅತ್ತೆಯವರ ಮುಂದೆಯೇ, "ಹೇಳದ ಕೇಳದ ಹೆಣ್ಮಗಳು ಹಚ್ಚಿದ್ದ ಕೀಳತೀರೇನ್ರಿ ಮಾವಾರ? ನಿಮಗ ಬುದ್ಧಿ ಅದನೋ ಇಲ್ಲೋ?" ಎಂದು ಬೈದ. ನೀವು ತಲೆ ತಗ್ಗಿಸಿ ನಿಂತಿರಿ, ತುಟಿ ಎರಡು ಮಾಡಲಿಲ್ಲ. ಆವತ್ತಿನಿಂದ ಊರೆಲ್ಲ ನಿಮ್ಮದೇ ತಪ್ಪು ಎಂದಿತು. ನಾನು ಆಳಂದದ ಆಸ್ಪತ್ರೆಯಿಂದ ಒಂದು ವರ್ಷದ ಮಟ್ಟಿಗೆ ಇಲ್ಲಿಗೆ ಹಾಕಿಸಿಕೊಂಡು ಬಂದುಬಿಟ್ಟೆ.

ಕೊನೆಯ ಚೀಟಿಯನ್ನು ನಾನು ಯಾರಿಗೂ ಓದಿ ಹೇಳಿಲ್ಲ. "ಈ ತಿಂಗಳ ಆಖೀರಿಗೆ ನಿನ್ನ ವರ್ಷ ಮುಗೀತದಂತ. ಮನೀಗಿ ಬರ್ತಿ ಏನು? ಬರಂಗಿಲ್ಲಂದ್ರ ಇವ ಅಲ್ಲೇ ಹಚ್ಚು, ದಿನಾ ನೀರ ಹಾಕು." ಎಂಥ ಗಂಡಸರಪ್ಪ ನೀವು! ಹೆಂಡತಿ ಮರಳಿ ಬರಲಿ ಎನ್ನುವವರು ಅವಳು ಅಲ್ಲೇ ಬೇರು ಬಿಡಲು ಬೇಕಾದ್ದನ್ನೆಲ್ಲ ಚೀಲ ತುಂಬಿ ಕಳಿಸುತ್ತಾರೆಯೇ? ಓದಿದ ಮೇಲೆ ಅತ್ತುಬಿಟ್ಟೆ. ಸುಳ್ಳೇಕೆ ಹೇಳಲಿ.

ನಿಮ್ಮ ಪ್ರಶ್ನೆಗೆ ಉತ್ತರ ಅವಸರದಲ್ಲಿ ಕೊಡುವಂಥದ್ದಲ್ಲ. ದಸರೆ ಮುಗಿದು ಶೀಗಿ ಹುಣ್ಣಿಮೆಯ ಹೊತ್ತಿಗೆ ಇಲ್ಲಿ ತೆನೆ ಬರುತ್ತವೆ, ಆಗ ನೋಡೋಣ. ಮಳೆಯಲ್ಲಿ ನೆನೆಯಬೇಡಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಅತ್ತೆಯವರಿಗೆ ಗುಳಿಗೆ ತಪ್ಪಿಸಬೇಡಿ.

ಸಿಟ್ಟು ಮುಕ್ಕಾಲು ಇಳಿದಿರುವ,
ನಿಮ್ಮ ಭುವನೇಶ್ವರಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಹೋದ ಆಗಸ್ಟಿನಲ್ಲಿ ಬಸ್ಸು ಹತ್ತುವಾಗ ಕಿಟಕಿಯಿಂದ ನಾನೇ ನಿಮಗೆ ಹೇಳಿದ್ದೆ, "ನಾ ಬರೂದ್ರಾಗ ಹಿತ್ತಲಾ ಎಲ್ಲಾ ಸಾಫ್ ಮಾಡಿಡ್ರಿ" ಎಂದು. ನನ್ನ ಮನಸ್ಸಿನಲ್ಲಿದ್ದದ್ದು ಬಚ್ಚಲ ಹಿಂದಿನ ಮುಳ್ಳುಗಿಡ. ಅದನ್ನು ಬಿಡಿಸಿ ಹೇಳದೆ ಹೋದೆ. ನಾನು ಮರೆತಿದ್ದೇನೆ ಎಂದು ನೀವು ತಿಳಿದಿರಬೇಕು. ಮರೆತಿರಲಿಲ್ಲರೀ. ಅಣ್ಣ ಬೈಯುತ್ತಿದ್ದಾಗಲೇ ನೆನಪಾಗಿತ್ತು. "ನಿಮ್ಮ ತಂಗೀನ ಹೇಳಿದ್ಲು" ಎಂದು ನೀವೊಂದು ಮಾತು ಅಂದಿದ್ದರೆ ಸಾಕಿತ್ತು. ನೀವು ಅನ್ನಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನಾನು ಜೇವರ್ಗಿಗೆ ಬಂದದ್ದು ಸಿಟ್ಟಿನಿಂದಲ್ಲ, ನಿಮ್ಮ ಮುಖ ನೋಡಲಾಗದೆ. ಆಳಂದಕ್ಕೇ ಮರಳುತ್ತೇನೆಂದು ಶುಕ್ರವಾರವೇ ಬರೆದುಕೊಟ್ಟಿದ್ದೇನೆ. ಬರುವ ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತೇನೆ. ಅಣ್ಣನನ್ನು ಕರೆಸಿರಿ. ಅವನ ಮುಂದೆ, ಅತ್ತೆಯವರ ಮುಂದೆ ಇದನ್ನೆಲ್ಲ ನಾನೇ ಹೇಳುತ್ತೇನೆ. ಆಗಲಾದರೂ ನೀವು ತಲೆ ಎತ್ತಿ ನಿಲ್ಲಿರಿ.