ಆಯಿಯ ಬುಟ್ಟಿ, ನನ್ನ ಆಟ

ಬೇಲೆಕೇರಿ, ಅಂಕೋಲಾ
ಗುರುವಾರ, ೧೮ ಸೆಪ್ಟೆಂಬರ್ ೨೦೨೫

ಪ್ರೀತಿಯ ಇವರಿಗೆ,

ಮದುವೆಯಾಗಿ ಇಷ್ಟು ವರ್ಷವಾದರೂ ನಿಮ್ಮ ಹೆಸರು ಬರೆಯಲು ಕೈ ಬರುವುದಿಲ್ಲ, ನಗಬೇಡಿ. ಮೈಯಲ್ಲಿ ಹುಷಾರಾಗಿದ್ದೀರಾ? ಇಂಜಿನ್ ಕೋಣೆಯ ಸೆಕೆಗೆ ಬೆನ್ನಿಗೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಸದಾಶಿವಗಡದ ಸೂರಜ್ ಶನಿವಾರ ಹೊರಟು ಮುಂಬಯಿಯಲ್ಲಿ ನಿಮ್ಮ ಹಡಗನ್ನೇ ಹತ್ತುತ್ತಾನಂತೆ. ಅವನ ಕೈಯಲ್ಲಿ ಒಣ ಸಿಗಡಿಯ ಚಟ್ನಿ, ಬೆನ್ನಿಗೆ ಹಚ್ಚುವ ಪೌಡರು ಮತ್ತು ಈ ಕಾಗದ ಕಳಿಸುತ್ತಿದ್ದೇನೆ. ಮಳೆ ಕಡಿಮೆಯಾದ ಮೇಲೆ ನಿಮ್ಮ ಆಯಿಯ ಮೊಣಕಾಲು ನೋವು ಸ್ವಲ್ಪ ಹಗುರಾಗಿದೆ. ಪ್ರೀತಿ ಕುಮಟೆಯ ಹಾಸ್ಟೆಲಿನಲ್ಲಿ ಆರಾಮಿದ್ದಾಳೆ. ಮಗಳಿಗೆ ಫೋನ್ ಮಾಡಿದಾಗ ಊಟವಾಯಿತೇ ಎಂದಷ್ಟೇ ಕೇಳಿ ಇಡಬೇಡಿ, ಓದಿನ ವಿಷಯವನ್ನೂ ಕೇಳಿ. ಬೋಟುಗಳು ಮತ್ತೆ ಕಡಲಿಗಿಳಿದಿವೆ, ಬಂಗಡೆ ಧಾರಾಳ ಬರುತ್ತಿದೆ. ಎಲ್ಲರೂ ಅವರವರ ಕೆಲಸದಲ್ಲಿದ್ದಾರೆ. ನಾನೊಬ್ಬಳು ಮಾತ್ರ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದೇನೆ. ಅದನ್ನೇ ಹೇಳಬೇಕಾಗಿದೆ.

ಮಳೆಗಾಲದಲ್ಲಿ ಅಂಕೋಲೆಯ ನಮ್ಮ ಬ್ಯಾನರ್ ಅಂಗಡಿಗೆ ಕೆಲಸವಿರುವುದಿಲ್ಲ, ನಿಮಗೆ ಗೊತ್ತು. ಮದುವೆಯಿಲ್ಲ, ಉದ್ಘಾಟನೆಯಿಲ್ಲ, ಹುಟ್ಟುಹಬ್ಬದ ಪುಢಾರಿಗಳೂ ಮಳೆಗೆ ಹೆದರಿ ಮನೆಯೊಳಗಿರುತ್ತಾರೆ. ಲ್ಯಾಪ್‌ಟಾಪ್ ಮನೆಗೆ ತಂದು ಚಿತ್ರ ಬಿಡಿಸುವ ಹೊಸ ವಿಧಾನಗಳನ್ನು ನೋಡುತ್ತ ಕೂತಿದ್ದವಳಿಗೆ, ನಾವು ಬಿಡಿಸಿದ ಚಿತ್ರವನ್ನೇ ಓಡಾಡಿಸಿ ಗೇಮ್ ಮಾಡಬಹುದು ಎನ್ನುವುದು ಕಣ್ಣಿಗೆ ಬಿತ್ತು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದನ್ನು ಬಳಸುವವರದ್ದೇ ಒಂದು ಆನ್‌ಲೈನ್ ಗ್ರೂಪ್ ಇದೆ, ಲೋಕದ ಯಾವ್ಯಾವ ಮೂಲೆಯವರೋ ಅದರಲ್ಲಿದ್ದಾರೆ. ಹೊಸಬರು ಮೊದಲು ತಮ್ಮ ಪರಿಚಯ ಬರೆಯಬೇಕು. ನನಗಿಂತ ಮುಂಚೆ ಬರೆದವರೆಲ್ಲ ಕಾಲೇಜು ಮಕ್ಕಳು. ಪ್ರೀತಿಗೆ ಹೇಳಿದರೆ ಅವಳು, ಅಲ್ಲಿ ಎಲ್ಲ ನನ್ನ ವಯಸ್ಸಿನವರಿರುತ್ತಾರೆ, ನೀನು ಹೋಗಿ ಏನು ಮಾಡುತ್ತೀ ಎಂದಳು. ಅವಳಿಗೆ ಕೆಟ್ಟ ಮನಸ್ಸಿಲ್ಲ, ಆದರೂ ಚುಚ್ಚಿತು. ಆ ಹಟಕ್ಕೇ ಇರಬೇಕು, ನನ್ನ ಹರಕು ಇಂಗ್ಲಿಷಿನಲ್ಲೇ ಬರೆದೆ: ಹೆಸರು ವೈಜಯಂತಿ, ಕಡಲ ದಂಡೆಯ ಊರು, ನಲವತ್ತು ದಾಟಿದೆ, ಕೋಡ್ ಬರುವುದಿಲ್ಲ, ಚಿತ್ರ ಬರುತ್ತದೆ. ಬರೆದು ಹೊರಗೆ ಓಡಿಹೋಗಿ ಒಣಗಿದ ಬಟ್ಟೆಯನ್ನೇ ಮತ್ತೆ ಹಿಂಡಿ ಹಾಕಿದೆ. ಮೊದಲ ದಿನ ಯಾರೂ ಉತ್ತರಿಸಲಿಲ್ಲ. ಅಕ್ಕಿ ತೊಳೆಯುವಾಗ, ಕಸ ಗುಡಿಸುವಾಗ, ಬಸ್ಸಿಗೆ ನಿಂತಾಗ ಫೋನ್ ತೆಗೆದು ತೆಗೆದು ನೋಡಿದೆ. ಮರುದಿನ ಯಾರೋ ಕೈಬೀಸುವ ಒಂದು ಪುಟ್ಟ ಚಿತ್ರ ಹಾಕಿ ಸ್ವಾಗತ ಎಂದರು. ಅಷ್ಟಕ್ಕೇ ನಾನು ಸಂಜೆ ಪಾಯಸ ಮಾಡಿದೆ. ಯಾಕೆಂದು ಆಯಿ ಕೇಳಿದರೆ ಹಾಲು ಉಳಿದಿತ್ತು ಎಂದೆ.

ಆಮೇಲೆ ಕಲಿಯುತ್ತ ಕಲಿಯುತ್ತ ಒಂದು ಸಣ್ಣ ಗೇಮ್ ಮಾಡಿದೆ. ಮೀನುಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಒಬ್ಬ ಹೆಂಗಸು. ಒಂದು ಕಡೆಯಿಂದ ಬೆಕ್ಕು, ಮೇಲಿಂದ ಹದ್ದು, ಎದುರಿಗೆ ಚೌಕಾಸಿ ಮಾಡುವ ಗಿರಾಕಿ. ಬುಟ್ಟಿ ಖಾಲಿಯಾಗುವವರೆಗೆ ಅವಳು ಎಲ್ಲರನ್ನೂ ಸಂಭಾಳಿಸಬೇಕು. ಗ್ರೂಪಿಗೆ ಹಾಕಿದೆ. ಹಳೇ ಸದಸ್ಯನೊಬ್ಬ, ಚಿತ್ರ ಚೆಂದ, ಆದರೆ ಇದು ಗೇಮೇ ಅಲ್ಲ, ಗೆದ್ದರೆ ಏನೂ ಸಿಗುವುದಿಲ್ಲ, ಯಾರು ಆಡುತ್ತಾರೆ ಎಂದು ಎಲ್ಲರ ಎದುರು ಬರೆದ. ಲ್ಯಾಪ್‌ಟಾಪ್ ಮುಚ್ಚಿ ಕಪಾಟಿಗೆ ಹಾಕಿದೆ. ಇನ್ನು ಆ ಕಡೆ ತಲೆಹಾಕುವುದಿಲ್ಲ ಎಂದುಕೊಂಡೆ. ಆದರೆ ಕೈ ಸುಮ್ಮನಿರಬೇಕಲ್ಲ? ಮತ್ತೆ ತೆಗೆದು ನೋಡಿದರೆ ಅದರ ಕೆಳಗೆ ರುಯಿ ಎನ್ನುವವನೊಬ್ಬ ಬರೆದಿದ್ದ. ಪೋರ್ಚುಗಲ್ಲಿನವನು, ಐವತ್ತರ ಮೇಲಿನವನು, ಬಸ್ಸು ಓಡಿಸುತ್ತಾನೆ. ಊಟದ ಬಿಡುವಿನಲ್ಲಿ ನಿನ್ನ ಬೆಕ್ಕನ್ನು ಓಡಿಸುತ್ತ ಕೂತು ಊಟವನ್ನೇ ಮರೆತೆ, ಕೋಡ್ ನಾನು ಸರಿ ಮಾಡಿಕೊಡುತ್ತೇನೆ, ಗ್ರೂಪಿನ ಸ್ಪರ್ಧೆಗೆ ಇಬ್ಬರೂ ಸೇರಿ ಕಳಿಸೋಣವೇ ಎಂದು ಕೇಳಿದ್ದ. ಶಬ್ದ ಸೇರಿಸಲು ಮನಿಲಾದ ಹುಡುಗಿಯೊಬ್ಬಳು ಬಂದಳು. ಮಧ್ಯಾಹ್ನ ನಾನು ಅಂಗಡಿಯಿಂದ ಬಂದ ಮೇಲೆ ಮೂವರೂ ಲ್ಯಾಪ್‌ಟಾಪಿನಲ್ಲಿ ಮಾತಾಡುತ್ತ ಕೆಲಸ ಮಾಡತೊಡಗಿದೆವು. ಮೂವರದ್ದೂ ಮೂರು ತರಹದ ಹರಕು ಇಂಗ್ಲಿಷ್.

ಕಷ್ಟ ಶುರುವಾದದ್ದು ಅಲ್ಲಿಂದ. ಆಯಿಗೆ ಒಳಗಿನಿಂದ ಗಂಡಸಿನ ದನಿ ಕೇಳುತ್ತಿತ್ತು. ಒಂದು ದಿನ ಹದ್ದು ಬಂಗಡೆಯ ಬದಲು ಗಿರಾಕಿಯನ್ನೇ ಎತ್ತಿಕೊಂಡು ಹೋಯಿತು, ಏನೋ ತಪ್ಪಾಗಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ತಿರುಗಿದರೆ ಬಾಗಿಲಲ್ಲಿ ಆಯಿ.

“ಯಾರ ಕೂಡೆ ಮಾತಾಡ್ತೆ?” ಎಂದರು. ಒಟ್ಟಿಗೆ ಕೆಲಸ ಮಾಡುವವರು ಎಂದೆ. “ದೇವು ಹಡಗಿಗೆ ಹೋದಾಗಿಂದ ನೀ ಹಿಂಗೆ ನಕ್ಕದ್ದು ನಾ ಕಂಡದ್ದಿಲ್ಲ” ಎಂದು ಹೇಳಿ ಒಳಗೆ ಹೋದರು.

ಅವತ್ತಿನಿಂದ ನಾನು ಬಡಿಸಿದರೆ ಉಣ್ಣುವುದಿಲ್ಲ, ತಾವೇ ಹಾಕಿಕೊಂಡು ಉಣ್ಣುತ್ತಾರೆ. ಬೆಳಗಾದರೆ ಪಕ್ಕದ ಸುಕ್ರಿಯ ಜಗುಲಿಗೆ ಹೋಗಿ ಕೂರುತ್ತಾರೆ. ಅಲ್ಲಿ ಏನು ಹೇಳುತ್ತಾರೋ ಗೊತ್ತಿಲ್ಲ, ಸುಕ್ರಿ ನನ್ನನ್ನು ನೋಡುವ ನೋಟ ಬೇರೆಯಾಗಿದೆ. ನೀವು ಹೋದ ವಾರ ಫೋನ್ ಮಾಡಿದಾಗ ಆಯಿ ಬಾಯಿಬಿಡಲಿಲ್ಲ, ನಾನೂ ಬಿಡಲಿಲ್ಲ. ತಡೆಯಲಾರದೆ ಮೊನ್ನೆ ಅವರ ಕೈ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಎಲ್ಲ ತೋರಿಸಿದೆ, ರುಯಿಯ ಫೋಟೋ, ಅವನ ಬಸ್ಸು, ಆ ಹುಡುಗಿ, ಕಡೆಗೆ ಗೇಮ್. ಅನುಮಾನ ಹೋಗಬಹುದು ಎಂದಿದ್ದೆ. ಆಯಿ ಬೆಕ್ಕನ್ನೂ ನೋಡಲಿಲ್ಲ, ಹದ್ದನ್ನೂ ನೋಡಲಿಲ್ಲ. ಆ ಹೆಂಗಸನ್ನೇ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ರೀತಿ, ಎಡಗೈಯಿಂದ ನೊಣ ಓಡಿಸುವುದು, ಎಲ್ಲ ಅವರದ್ದೇ. ಕಣ್ಣಿಗೆ ಬೇರೆ ಯಾರು ಬರಬೇಕು ನನಗೆ?

“ನಾ ಬುಟ್ಟಿ ಹೊತ್ತಕಂಡು ಅಂಕೋಲೆ ಪೇಟಿಗೆ ಹೋದದ್ದು ನಿಂಗೆ ಆಟ ಆಗಿ ಕಂಡಿತಾ?” ಎಂದರು.

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಆ ಬುಟ್ಟಿಯ ಭಾರದಿಂದಲೇ ಅವರ ಮೊಣಕಾಲು ಹೋಯಿತು, ಅದರ ದುಡ್ಡಿನಲ್ಲೇ ನಿಮ್ಮ ಓದೂ ಆಯಿತು. ಅದನ್ನು ನಾನು ಲೋಕದ ಮುಂದೆ ಕುಣಿಸಲು ಹೊರಟಿದ್ದೇನೆ ಎಂದು ಅವರಿಗೆ ಅನಿಸಿದರೆ ತಪ್ಪೆನ್ನಲಿ ಹೇಗೆ? ಗ್ರೂಪಿನಲ್ಲಿ, ಆ ಹೆಂಗಸು ನನ್ನ ಅತ್ತೆ, ಅವರಿಗೆ ನೋವಾಗಿದೆ, ಇದನ್ನು ನಿಲ್ಲಿಸೋಣ ಎಂದು ಬರೆದೆ. ರುಯಿ ಒತ್ತಾಯ ಮಾಡಲಿಲ್ಲ, ಅವಳು ನಿನ್ನ ಮನೆಯವಳು, ನೀನು ಹೇಳಿದಂತೆ ಆಗಲಿ ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಅವನ ಮೇಲೂ ಸಿಟ್ಟು ಬಂತು. ಎರಡು ಸಲ ಬಂದರಿನವರೆಗೆ ಸುಮ್ಮನೆ ನಡೆದುಹೋಗಿ ಬಂದೆ.

ನಿನ್ನೆ ಬೆಳಿಗ್ಗೆ ಆಯಿ ಈಳಿಗೆಯ ಮುಂದೆ ಕೂತು ಮೀನು ಹೆಚ್ಚುತ್ತಿದ್ದರು. ನಾನು ನೀರು ಕೊಟ್ಟೆ. ತಲೆ ಎತ್ತದೆ, “ಆ ಹೆಂಗಸಿಗೆ ಕೂರೂಕೆ ಒಂದು ಮಣೆನೂ ಕೊಡಲಿಲ್ಲ ನೀನು. ಹಸಿ ನೆಲದ ಮೇಲೆ ಇಡೀ ದಿನ ಕೂತರೆ ಸೊಂಟ ಏನಾಗಬೇಕು ಅವಳದ್ದು?” ಎಂದರು. ಅಷ್ಟೇ. ಹೂಂ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾನು ಅಂಗಡಿಗೆ ರಜೆ ಹಾಕಿ ಮಣೆ ಬಿಡಿಸಿದೆ. ಮಣೆಯ ಮೇಲೆ ಕೂರಿಸಿದ ಮೇಲೆ ಅವಳು ಬೇರೆಯೇ ಕಾಣುತ್ತಾಳೆ, ಪೇಟೆಯ ಯಜಮಾನಿಯ ಹಾಗೆ. ತೋರಿಸಿದೆ. ಆಯಿ ನೋಡಿದರು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದರು, ಎದ್ದು ಹೋದರು. ರಾತ್ರಿ ನಾನೇ ಬಡಿಸಿದೆ, ಉಂಡರು. ಆದರೂ, ನಿಮ್ಮನ್ನು ಕೇಳಿಯೇ ಮುಂದುವರಿಯಬೇಕು ಎಂದಿದ್ದಾರೆ. ಕೇಳುತ್ತೇನೆ ಎಂದು ತಲೆಯಾಡಿಸಿದ್ದೇನೆ.

ಉಪ್ಪು ಕಡಿಮೆ ತಿನ್ನಿ. ಸೂರಜ್‌ಗೆ ಇದು ಮೊದಲನೇ ಹಡಗು, ಸ್ವಲ್ಪ ನೋಡಿಕೊಳ್ಳಿ. ಆಯಿ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಕಡಲು ನಿಮ್ಮನ್ನು ತಣ್ಣಗಿಟ್ಟಿರಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಾರೆ. ನನ್ನದೂ ಅದೇ.

ನಿಮ್ಮ,
ವೈಜಯಂತಿ

ತಾ.ಕ.: ಸೂರಜ್‌ನ ಅಣ್ಣ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಸ್ಪರ್ಧೆಗೆ ಕಳಿಸಲು ಭಾನುವಾರ ಕಡೇ ದಿನ. ಕಳಿಸುತ್ತೇನೆ. ಆಯಿಗೆ ಶನಿವಾರ ನಾನೇ ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ನಿಮ್ಮನ್ನು ಕೇಳಬೇಕೆಂದೇ ಬರೆಯಲು ಕೂತೆ, ಆದರೆ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಭಾನುವಾರ ಕಳೆದಿರುತ್ತದೆ. ಅದು ನನಗೆ ಗೊತ್ತಿತ್ತು. ಫೋನ್ ಮಾಡಿದ್ದರೆ ನೀವು ಬೇಡ ಎನ್ನಬಹುದಿತ್ತು.