ಜಾರಿದ ಗ್ಲಾಸು ಯಾರದು

ಅಕ್ಕಾ,

ಸಫೋಕ್‌ನ ಈ ಪಬ್ಬಿಗೆ ನಾನೂರು ವರ್ಷ. ಓಕ್ ಮರದ ಕಂಬ ತೊಲೆಗಳನ್ನು ಮರದ ಗೂಟ ಹೊಡೆದೇ ಕೂಡಿಸಿದ್ದಾರೆ, ಒಂದು ಮೊಳೆಯೂ ಇಲ್ಲ. ಆದರೆ ಮೂಲೆಯ ಕಂಬ ಕುಸಿದು ನೆಲ ಆ ಕಡೆಗೆ ವಾಲಿತ್ತು. ಮೊದಲ ದಿನ ಉದ್ದನೆಯ ಮೇಜಿನ ಮೇಲೆ ನಾನಿಟ್ಟ ಬಿಯರು ಜಾರುತ್ತಾ ಹೋಗಿ ಆ ತುದಿಯಲ್ಲಿ ಕೂತಿದ್ದ ಮುದುಕ ಎನಾಕನ ಕೈ ಸೇರಿತು. ಅವನು ಗಟಗಟನೆ ಕುಡಿದುಬಿಟ್ಟ.

"ಇಲ್ಲಿಗೆ ಬಂದಿದ್ದೆಲ್ಲಾ ನಂದೇ ಕಣಪ್ಪಾ. ನಮ್ಮಪ್ಪನ ಕಾಲದಿಂದ್ಲೂ ಇದೇ ಪದ್ಧತಿ," ಎಂದ.

"ಆ ಕಂಬ ಎತ್ತೋಕೇ ಬಂದಿರೋ ಬಡಗಿ ನಾನು, ತಾತಾ," ಎಂದೆ.

ನಿನ್ನೆ ಜ್ಯಾಕ್ ಹಾಕಿ ಕಂಬ ಎತ್ತಿದೆ, ಬೇಕೆಂದೇ ಮಟ್ಟಕ್ಕಿಂತ ಒಂದು ಬೆರಳು ಹೆಚ್ಚು. ಪದ್ಧತಿಯನ್ನು ಮುರಿದಿಲ್ಲ, ಗ್ಲಾಸುಗಳು ಈಗ ಈ ತುದಿಗೆ ಬರುತ್ತವೆ, ಇಲ್ಲಿ ನಾನು ಕೂತಿದ್ದೇನೆ.

ಸೊಂಟನೋವು ಕಮ್ಮಿ. ಉಣ್ಣೆಯ ಕಾಲುಚೀಲ ಕಳಿಸು. ಎನಾಕನ ಗ್ಲಾಸು ಹೊರಟಿದೆ, ಕೈ ಖಾಲಿ ಮಾಡಿಕೊಳ್ಳಬೇಕು.

ನಿನ್ನ ತಮ್ಮ,
ಹೆಡ್ಲಿ